ಲೈಟಿನ ಗೂಡಿಗೆ ಕಪ್ಪು

ಮಾರ್ಚ್ 4

ದೊಡ್ಡಪ್ಪನಿಗೆ ನಮಸ್ಕಾರ.

ಫೋನು ಮಾಡಿದರೆ ನೀವು "ಹಾಂ? ಹಾಂ?" ಅನ್ನುತ್ತ ದೊಡ್ಡಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ದೊಡ್ಡಮ್ಮ ಅರ್ಧ ಕೇಳಿಸಿಕೊಂಡು ಉಳಿದರ್ಧ ತಾವೇ ಸೇರಿಸಿ ನಿಮಗೆ ಹೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇದರ ಜೊತೆ ಒಂದು ದೊಡ್ಡ ಡಬ್ಬ ಬಂದಿರುತ್ತದೆ. ಅದರಲ್ಲಿ ಅಪ್ಪನ ಕಾರಿನ ಎರಡೂ ಹೆಡ್‌ಲೈಟುಗಳನ್ನು ಗೂಡಿನ ಸಮೇತ ಬಿಚ್ಚಿಸಿ, ಹಳೆಯ ಕಂಬಳಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಗೂಡಿನ ಒಳಗೆಲ್ಲ ಕಪ್ಪು ಬಣ್ಣ ಬಳಿದು ಕೊಡಬೇಕು. ಗಾಜಿನ ಹಿಂದೆ ಬೆಳ್ಳಿಯ ಹಾಗೆ ಹೊಳೆಯುತ್ತದಲ್ಲ, ಅದು ಎಳ್ಳಷ್ಟೂ ಕಾಣಬಾರದು.

ನಗಬೇಡಿ, ಈಗ ಎಲ್ಲರೂ ಹೀಗೆ ಮಾಡಿಸುತ್ತಾರೆ. ಹೋದ ತಿಂಗಳು ಕಾರಿನ ಬಿಳಿ ಬಣ್ಣ ತೆಗೆಸಿ ಬೂದು ಹೊಡೆಸಿದೆ. ಬೂದು ಮೈಗೆ ಬೆಳ್ಳಿ ಕಣ್ಣು ಒಪ್ಪುತ್ತಿಲ್ಲ. ಈ ಮಾದರಿಯ ಹೊಸ ಲೈಟು ಎಲ್ಲೂ ಸಿಗುವುದಿಲ್ಲವಂತೆ. ಇಲ್ಲಿನ ಮೆಕ್ಯಾನಿಕ್ ಎರಡು ಸಲ ತಿರುಗಿಸಿ ನೋಡಿ, "ಇದರ ಗಾಜು ಬಿಚ್ಚೋದು ನನ್ನ ಕೈಲಾಗಲ್ಲ ಮೇಡಂ, ಯಾವ ಮಹಾರಾಯ ಅಂಟಿಸಿದ್ನೋ ಅವನಿಗೇ ಕಳಿಸಿ" ಅಂದ. ಆ ಮಹಾರಾಯ ನೀವೇ ಅಂತ ನಾನು ಹೇಳಲಿಲ್ಲ.

ಅಪ್ಪ ಓಡಾಡಿಕೊಂಡಿದ್ದಾರೆ. ಅಮ್ಮನ ಬೆರಳು ಬಾಗಿಲಿಗೆ ಸಿಕ್ಕಿ ಊದಿದೆ, ಗಾಬರಿ ಬೇಡ. ಲೈಟಿನ ವಿಷಯ ಅಪ್ಪನಿಗೆ ಬರೆಯಬೇಡಿ. ನಾನೇ ತೋರಿಸುತ್ತೇನೆ.

ನಿಮ್ಮ
ಗಿರಗಿಟ್ಲೆ


ಮಾರ್ಚ್ 11

ಗಿರಗಿಟ್ಲೆಗೆ ದೊಡ್ಡಪ್ಪನ ಆಶೀರ್ವಾದ.

ಡಬ್ಬ ಬಂತು. ಕಂಬಳಿ ಬಿಚ್ಚಿದ ಕೂಡಲೇ ಗುರುತು ಹಿಡಿದೆ. ಹದಿನೈದು ವರ್ಷವಾದರೂ ನನ್ನ ಅಂಟು ಒಂದು ಕೂದಲೆಳೆಯಷ್ಟೂ ಬಿಟ್ಟುಕೊಂಡಿಲ್ಲ. ನಿಮ್ಮ ಮೆಕ್ಯಾನಿಕ್ಕಿಗೆ ಹೇಳು, ಆ ಮಹಾರಾಯ ಇನ್ನೂ ಬದುಕಿದ್ದಾನೆ ಅಂತ.

ಮಗಳೇ, ನಿನಗೆ ಗೊತ್ತಿರಲಿಕ್ಕಿಲ್ಲ. ನಿಮ್ಮಪ್ಪ ಇಪ್ಪತ್ತು ವರ್ಷ ಬೇರೆಯವರ ಕಾರು ಓಡಿಸಿ ಮೊದಲ ಸಲ ತನ್ನದು ಅಂತ ಒಂದು ಕೊಂಡಾಗ, ಅದರ ಲೈಟು ಎರಡೂ ಕುರುಡಾಗಿದ್ದವು. ಗುಜರಿಯಿಂದ ಮುರಿದ ನಾಲ್ಕು ಲೈಟು ಆರಿಸಿ ತಂದು, ಬಿಚ್ಚಿ, ಚೆನ್ನಾಗಿ ಉಳಿದ ಬೆಳ್ಳಿಯ ಭಾಗಗಳನ್ನು ಕೂಡಿಸಿ ಈ ಎರಡನ್ನು ಮಾಡಿದೆ. ಮೂರು ದಿನ ಹಿಡಿಯಿತು. ಮೂರು ದಿನವೂ ಅವನು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತು ನನ್ನ ತಲೆ ತಿಂದ. "ಅಣ್ಣ, ಅಲ್ಲೊಂದು ಚುಕ್ಕೆ ಇದೆ ನೋಡು." "ಅಣ್ಣ, ಉಸಿರು ಬಿಡಬೇಡ, ಮಂಜು ಕೂರುತ್ತೆ." ಕೊನೆಗೆ ಕೂಡಿಸಿದ ಮೇಲೆ ಅದರೊಳಗೆ ಮುಖ ನೋಡಿಕೊಂಡು ತಲೆ ಬಾಚಿದ. "ಡ್ರೈವರಿಗೆ ಕನ್ನಡಿ ಒಳಗಿರಬೇಕು ಕಣೋ, ಬಂಪರಿನ ಮೇಲಲ್ಲ" ಅಂತ ಬೈದಿದ್ದೆ.

ಈಗ ನೀನು ಅದಕ್ಕೆ ಮಸಿ ಬಳಿ ಅನ್ನುತ್ತೀ.

ಮಾಡಲಾರೆ ಅನ್ನುವುದಿಲ್ಲ. ಇತ್ತೀಚೆಗೆ ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನರಿಗೆ ಇದೇ ಬೇಕು. ಆದರೆ ಒಂದು ಮಾತು ಸರಿಯಾಗಿ ತಿಳಿದುಕೋ. ಬೆಳ್ಳಿ ಲೇಪದ ಮೇಲೆ ಬಣ್ಣ ನೇರವಾಗಿ ನಿಲ್ಲುವುದಿಲ್ಲ. ಮೊದಲು ಎಮರಿ ಪೇಪರಿನಿಂದ ಉಜ್ಜಿ ಅದರ ಹೊಳಪನ್ನು ಕೊಲ್ಲಬೇಕು. ಉಜ್ಜಿದ ಮೇಲೆ ಮುಗಿಯಿತು. ನಾಳೆ ಬೇಜಾರಾಯಿತು, ಹಳೆಯದೇ ಇರಲಿ ಅಂದರೆ ಯಾರ ಕೈಯಲ್ಲೂ ಆಗುವುದಿಲ್ಲ.

ಅದಕ್ಕೇ, ನಿಮ್ಮಪ್ಪ ಒಪ್ಪಿದ್ದಾನೆ ಅಂತ ಅವನ ಕೈಯಲ್ಲೇ ಎರಡು ಸಾಲು ಬರೆಸಿ ಕಳಿಸು. ನಾನು ಅವನಿಗೆ ಬರೆದ ಮೂರು ಪತ್ರಕ್ಕೂ ಉತ್ತರವಿಲ್ಲ, ಸೋಮಾರಿ. ಈ ನೆಪದಲ್ಲಾದರೂ ಪೆನ್ನು ಹಿಡಿಯಲಿ.

ದೊಡ್ಡಪ್ಪ


ಮಾರ್ಚ್ 17

ದೊಡ್ಡಪ್ಪ,

ಅಪ್ಪನಿಗೆ ಬೆರಳು ಹಿಡಿದುಕೊಂಡಿದೆ, ಬರೆಯಲು ಆಗುತ್ತಿಲ್ಲ. ಕೇಳಿದೆ. "ಅಣ್ಣ ಏನು ಮಾಡಿದ್ರೂ ಸರಿಯಾಗೇ ಇರುತ್ತೆ" ಅಂದರು.

ಬೇಗ ಮಾಡಿಕೊಡಿ. ಲೈಟು ಬಿಚ್ಚಿದ ಕಾರು ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿದೆ. ನಾನು ಜೊತೆ ಕೆಲಸದವರ ಸ್ಕೂಟರಿನ ಹಿಂದೆ ಕೂತು ಹೋಗಿ ಬರುತ್ತಿದ್ದೇನೆ. ಆದರೂ ನಿಜ ಹೇಳಬೇಕೆಂದರೆ, ಕಾರು ಮನೆ ಮುಂದೆ ಇಲ್ಲದ ಈ ಎರಡು ವಾರ ನನಗೂ ಅಮ್ಮನಿಗೂ ಒಳ್ಳೆಯ ನಿದ್ದೆ ಬಂದಿದೆ.

ಎಳ್ಳಷ್ಟೂ ಬೆಳ್ಳಿ ಬೇಡ. ಮರೆಯಬೇಡಿ.

ಗಿರಗಿಟ್ಲೆ


ಮಾರ್ಚ್ 26

ಗಿರಗಿಟ್ಲೆ,

ಕಾರು ಮನೆ ಮುಂದಿಲ್ಲದಿದ್ದರೆ ನಿದ್ದೆ ಬರುತ್ತದೆ ಅಂದರೆ ನಿಮ್ಮ ಬೀದಿಯಲ್ಲಿ ಕಳ್ಳರ ಕಾಟ ಜಾಸ್ತಿ ಅಂತ ಕಾಣುತ್ತದೆ. ಒಂದು ಒಳ್ಳೆಯ ಬೀಗ ಹಾಕಿಸು.

ಕೆಲಸ ಮುಗಿಯಿತು. ಗೂಡು ಬಿಚ್ಚಬೇಕಾದರೆ ಅಂಟು ಮೆತ್ತಗಾಗುವ ತನಕ ಓವನ್ನಿನಲ್ಲಿ ಹದವಾಗಿ ಬಿಸಿ ಮಾಡಬೇಕು. ನನ್ನ ಶೆಡ್ಡಿನ ಓವನ್ನು ಕೆಟ್ಟಿತ್ತು. ಅಡುಗೆಮನೆಯದರಲ್ಲಿ ಇಡಲು ಹೋದರೆ ನಿಮ್ಮ ದೊಡ್ಡಮ್ಮ ಸೌಟು ಹಿಡಿದು ಅಡ್ಡ ನಿಂತಳು. "ಮೊಮ್ಮಕ್ಕಳಿಗೆ ಬಿಸ್ಕತ್ತು ಬೇಯಿಸೋ ಓವನ್ನು ಅದು. ಯಾರದೋ ಕಾರಿನ ಕಣ್ಣು ಬೇಯಿಸೋಕಲ್ಲ." "ತಮ್ಮನದು ಕಣೇ" ಅಂದೆ. "ತಮ್ಮನದಾದ್ರೆ ವಾಸನೆ ಬರಲ್ವಾ?" ಅಂದಳು. ಅವಳು ಸೊಪ್ಪು ತರಲು ಹೋದಾಗ ಕಣ್ಣು ತಪ್ಪಿಸಿ ಇಟ್ಟೆ. ವಾಸನೆ ಬಂತು. ಅವತ್ತಿನಿಂದ ಮಾತಿಲ್ಲ.

ಗಾಜು ತೆಗೆದ ಮೇಲೆ ಎಮರಿ ಪೇಪರನ್ನು ನೀರಿಗೆ ಅದ್ದಿ ಗೂಡಿನ ಮೇಲೆ ಬಗ್ಗಿದೆ. ಬೆಳ್ಳಿಯಲ್ಲಿ ನನ್ನ ಮುಖ ಕಾಣುತ್ತಿತ್ತು, ಮುದುಕ ಆಗಿದ್ದೇನೆ. ಆಮೇಲೆ ಉಜ್ಜಿದೆ. ಸ್ಪಿರಿಟ್ಟಿನಲ್ಲಿ ಒರೆಸಿ, ತೆಳ್ಳಗೆ ಮೂರು ಕೈ ಸ್ಪ್ರೇ ಹೊಡೆದು, ನಾಲ್ಕು ದಿನ ತೆರೆದಿಟ್ಟು ಒಣಗಿಸಿದೆ. ಅವಸರ ಮಾಡಿ ಮುಚ್ಚಿದರೆ ಹಸಿ ಬಣ್ಣದ ಹಬೆ ಒಳಗೇ ಉಳಿದು ಗಾಜು ಮಬ್ಬಾಗುತ್ತದೆ.

ಬಲ್ಬಿನ ಹಿಂದಿನ ಬಟ್ಟಲನ್ನು ಮಾತ್ರ ಮುಟ್ಟಿಲ್ಲ, ಟೇಪು ಸುತ್ತಿ ಕಾಪಾಡಿದೆ. ಬೆಳಕನ್ನು ರಸ್ತೆಗೆ ಎಸೆಯುವುದು ಅದೇ. ಅದಕ್ಕೂ ಕಪ್ಪು ಬಳಿದರೆ ಲೈಟಲ್ಲ, ಒಲೆ ಮೇಲಿನ ಪಾತ್ರೆ. ಸುತ್ತ ಒಂದು ಕಪ್ಪು ಉಂಗುರ ಕೂರಿಸಿದ್ದೇನೆ, ನೆಟ್ಟಗೆ ಮುಂದೆ ಬಗ್ಗಿ ನೋಡಿದರಷ್ಟೇ ಬಟ್ಟಲು ಕಾಣುತ್ತದೆ.

ಇನ್ನೊಂದು. ಬೈಯಬೇಡ. ಬಲಗಡೆಯ ಗೂಡಿನ ಕೆಳಮೂಲೆಯಲ್ಲಿ ಬೆರಳುಗುರಿನಷ್ಟು ಬೆಳ್ಳಿ ಹಾಗೇ ಬಿಟ್ಟಿದ್ದೇನೆ. ಹೊರಗಿನವರಿಗೆ ಕಾಣುವುದಿಲ್ಲ. ನಿಮ್ಮಪ್ಪ ಬೆಳಿಗ್ಗೆ ಕಾರಿನ ಹತ್ತಿರ ಬಂದರೆ ಮೊದಲು ಮುಟ್ಟುವುದು ಬಲಗಡೆ ಲೈಟನ್ನೇ, ಅಂಗೈಯಿಂದ ಒರೆಸುತ್ತಾನೆ. ಮೈಯ ಬಣ್ಣ ಹೋಯಿತು, ಕಣ್ಣಿನ ಬಣ್ಣವೂ ಹೋಯಿತು. ಇದು ತನ್ನದೇ ಅಂತ ಅವನಿಗೊಂದು ಗುರುತು ಬೇಡವೇ?

ದೊಡ್ಡಪ್ಪ


ಏಪ್ರಿಲ್ 6

ದೊಡ್ಡಪ್ಪನಿಗೆ,

ನಿಮ್ಮ ಕೆಲಸ ನೋಡಿ ಮೆಕ್ಯಾನಿಕ್ ಮೂಗಿನ ಮೇಲೆ ಬೆರಳಿಟ್ಟ. ನಾನು ಆ ಬೆಳ್ಳಿ ಮೂಲೆ ನೋಡಿ ಅಲ್ಲೇ ನೆಲದ ಮೇಲೆ ಕೂತೆ. ಗಾಜಿನ ಮೇಲೆ ಹೊರಗಿನಿಂದ ಕಪ್ಪು ಟೇಪು ಕತ್ತರಿಸಿ ಅಂಟಿಸಿದ್ದೇನೆ.

ಇನ್ನು ನಿಮ್ಮ ಹತ್ತಿರ ಮುಚ್ಚಿಡಲು ನನ್ನ ಕೈಲಾಗುವುದಿಲ್ಲ.

ಅಪ್ಪನಿಗೆ ಮರೆವಿನ ಕಾಯಿಲೆ. ಡಾಕ್ಟರು ಹೇಳಿ ಎರಡು ವರ್ಷವಾಯಿತು. ಆಗಷ್ಟೇ ನಿಮಗೆ ಎದೆಯ ಆಪರೇಷನ್ ಆಗಿತ್ತು, ಹೇಳಬೇಡ ಅಂದರು ಅಮ್ಮ. ಆಮೇಲೆ ಹೇಳುವ ಹೊತ್ತು ದಾಟಿಹೋಯಿತು. ನಿಮ್ಮ ಪತ್ರಗಳನ್ನು ಅವರಿಗೆ ಓದಿ ಹೇಳುತ್ತೇನೆ. "ಯಾರೋ ಚೆನ್ನಾಗಿ ಬರೀತಾರೆ" ಅನ್ನುತ್ತಾರೆ.

ಎಲ್ಲ ಮರೆತರೂ ಕಾರು ಮರೆತಿರಲಿಲ್ಲ. ಜನವರಿಯಲ್ಲಿ ಅಮ್ಮ ಸ್ನಾನಕ್ಕೆ ಹೋದಾಗ ಓಡಿಸಿಕೊಂಡು ಹೋದರು. ಶಾಲೆಯ ಮುಂದೆ ಫುಟ್‌ಪಾತ್ ಹತ್ತಿಸಿದರು. ಚಕ್ರದ ಕೆಳಗೆ ಒಂದು ಹುಡುಗಿಯ ಸೈಕಲ್ ಸಿಕ್ಕಿತು, ಹುಡುಗಿ ಗೇಣುದ್ದದಲ್ಲಿ ಉಳಿದಳು. ಅಪ್ಪ ಇಳಿದು, "ಬ್ರೇಕು ಸರಿ ಇಲ್ಲ, ಮೆಕ್ಯಾನಿಕ್ಕಿಗೆ ಹೇಳ್ಬೇಕು" ಅಂದರಂತೆ. ಕೀ ಬಚ್ಚಿಟ್ಟರೆ ವೈರು ಎಳೆದು ಸ್ಟಾರ್ಟ್ ಮಾಡುತ್ತಾರೆ. ಬ್ಯಾಟರಿ ತಂತಿ ಕಿತ್ತರೆ ಕೂಡಿಸುತ್ತಾರೆ. ನನ್ನ ಹೆಸರು ಗೊತ್ತಿಲ್ಲ, ಅದು ಗೊತ್ತು. ತಡೆಯಲು ಹೋದ ಅಮ್ಮನ ಬೆರಳಿನ ಮೇಲೆ ಕಾರಿನ ಬಾಗಿಲು ಹಾಕಿದರು. ಊದಿದ್ದು ಹಾಗೆ.

ಮಾರಿಬಿಡು ಅನ್ನಬೇಡಿ. ನಾನು ಕೆಲಸ ಮಾಡುವ ಕೋಲ್ಡ್ ಸ್ಟೋರೇಜು ಊರಾಚೆ, ಬೆಳಗಿನ ಪಾಳಿಗೆ ಬಸ್ಸಿಲ್ಲ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲೇ. ಅದಕ್ಕೇ ಇದು ಯಾರದೋ ಕಾರು ಅಂತ ಅವರಿಗೆ ಅನ್ನಿಸಲಿ ಎಂದು ಮೈಗೆ ಬೂದು ಹೊಡೆಸಿದೆ. ಅಪ್ಪ ಸುತ್ತ ಒಂದು ಸುತ್ತು ಬಂದು, ಲೈಟು ಮುಟ್ಟಿ, "ಬಣ್ಣ ಚೆನ್ನಾಗಿದೆ" ಅಂತ ಒಳಗೆ ಹತ್ತಿ ಕೂತರು. ಅವರಿಗೆ ಗುರುತು ಇದ್ದದ್ದು ಲೈಟಿನಲ್ಲಿ. ನಿಮ್ಮ ಕೆಲಸದಲ್ಲಿ.

ಭಾನುವಾರ ನೀವು ಕಪ್ಪು ಮಾಡಿದ ಲೈಟು ಹಾಕಿ ಗೇಟಿನ ಬಳಿ ನಿಲ್ಲಿಸಿದೆ. ಅಪ್ಪ ಚಹಾ ಲೋಟ ಹಿಡಿದು ಬಂದರು. ಗಾಜಿನ ಮೇಲೆ ಕೈ ಇಟ್ಟರು, ಬಗ್ಗಿ ನೋಡಿದರು. "ಯಾರದಮ್ಮ ಈ ಕಾರು? ಗೇಟಿಗೆ ಅಡ್ಡ ನಿಲ್ಲಿಸಿದ್ದಾರಲ್ಲ, ಬುದ್ಧಿ ಇಲ್ವಾ?" ಅಂದರು.

ಗೆದ್ದೆ ಅನ್ನಿಸಿತು ದೊಡ್ಡಪ್ಪ. ಅಮ್ಮನೂ ನಾನೂ ಒಳಗೆ ಹೋಗಿ ನಕ್ಕೆವು. ಆಮೇಲೆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ಮೂರು ದಿನದಿಂದ ಗೇಟಿನಲ್ಲಿ ನಿಂತು, ನನ್ನ ಕಾರು ಯಾರು ಒಯ್ದರು ಅಂತ ಹೋಗಿ ಬರುವವರನ್ನೆಲ್ಲ ಕೇಳುತ್ತಿದ್ದಾರೆ. ಒಂದು ವಾರ ಹೋದರೆ ಅದನ್ನೂ ಮರೆಯುತ್ತಾರೆ ಅಂದರು ಡಾಕ್ಟರು.

ನಿಮಗೆ ಸುಳ್ಳು ಹೇಳಿ ಮಾಡಿಸಿದ್ದಕ್ಕೆ ಬೈಯಿರಿ.

ಗಿರಗಿಟ್ಲೆ


ಏಪ್ರಿಲ್ 10

ಮಗಳೇ,

ಬೈಯುವುದಿಲ್ಲ. ನಿನ್ನ ಪತ್ರ ಓದಿ ಜೇಬಿನಲ್ಲಿಟ್ಟುಕೊಂಡು ಅಂಗಡಿ ತೆರೆದೆ. ಒಬ್ಬರು ಲೈಟು ತಂದಿದ್ದರು, ಕಪ್ಪು ಮಾಡಿ ಅಂತ. ಇವತ್ತು ಆಗುವುದಿಲ್ಲ, ನಾಳೆ ಬನ್ನಿ ಅಂದು ಕಳಿಸಿದೆ. ನಿಮ್ಮ ದೊಡ್ಡಮ್ಮನಿಗೆ ಓದಿ ಹೇಳಿದೆ. ಓವನ್ನಿನ ಸಿಟ್ಟು ಮರೆತು ಪಕ್ಕದಲ್ಲಿ ಬಂದು ಕೂತಳು.

ನೀನು ಮಾಡಿದ್ದು ಸರಿ. ಆ ಸೈಕಲ್ಲಿನ ಹುಡುಗಿ ಉಳಿದದ್ದೇ ದೊಡ್ಡದು. ನಾನು ಪೆದ್ದ, ಕಳ್ಳರ ಕಾಟ ಅಂತ ಬರೆದೆ. ಉತ್ತರ ಬರೆಯದ ಸೋಮಾರಿ ಅಂತ ಅವನನ್ನು ಬೈದೆ. ಅದನ್ನೂ ಓದಿ ಹೇಳಿದೆಯಾ ಅವನಿಗೆ? ಹೇಳಬಾರದಿತ್ತು.

ಟೇಪು ಹಾಗೇ ಇರಲಿ. ಮಾಮೂಲಿ ಟೇಪಾದರೆ ಬಲ್ಬಿನ ಬಿಸಿಗೂ ಬಿಸಿಲಿಗೂ ಅಂಚು ಎದ್ದುಬಿಡುತ್ತದೆ. ಗಾಜನ್ನು ಮೊದಲು ಸ್ಪಿರಿಟ್ಟಿನಲ್ಲಿ ಒರೆಸು, ಆಮೇಲೆ ಅಂಟಿಸು. ಮೂಲೆಗಳನ್ನು ದುಂಡಗೆ ಕತ್ತರಿಸು, ಚೂಪು ಮೂಲೆ ಬೇಗ ಬಿಡುತ್ತದೆ. ಈ ಪತ್ರದ ಜೊತೆ ಒಳ್ಳೆಯ ಟೇಪಿನ ಒಂದು ತುಂಡು ಇಟ್ಟಿದ್ದೇನೆ.

ಒಂದು ವಾರದಲ್ಲಿ ಮರೆತನಾ? ಮರೆತ ಅಂತ ಎರಡಕ್ಷರ ಬರೆ.

ದೊಡ್ಡಪ್ಪ


ಏಪ್ರಿಲ್ 19

ದೊಡ್ಡಪ್ಪ,

ಮರೆಯಲಿಲ್ಲ.

ಈಗ ಗೇಟು ದಾಟಿ ರಸ್ತೆಗೇ ಹೋಗುತ್ತಾರೆ. ನಾಲ್ಕು ರಸ್ತೆ ಕೂಡುವಲ್ಲಿ ನಡುವೆ ನಿಂತು ಕೈ ಎತ್ತುತ್ತಾರೆ. ಗಾಡಿಗಳು ನಿಲ್ಲುತ್ತವೆ. ಒಂದೊಂದರ ಮುಂದೆಯೂ ಬಗ್ಗಿ ಲೈಟು ನೋಡಿ, "ಇದಲ್ಲ, ಹೋಗಿ" ಅನ್ನುತ್ತಾರೆ. ಮೊದಲ ದಿನ ಒಬ್ಬ ವ್ಯಾನಿನವನು ನಗುತ್ತ, "ಚೆಕಿಂಗಾ ತಾತ? ಪೇಪರ್ ತೋರಿಸ್ಲಾ?" ಅಂದ. "ಪೇಪರ್ ಬೇಡ, ಲೈಟು ಹಾಕು" ಅಂದರು ಅಪ್ಪ. ಮಂಗಳವಾರ ಬಂದ ಲಾರಿಯವನು ನಿಲ್ಲಿಸಲಿಲ್ಲ. ಲಾರಿಯ ಕನ್ನಡಿ ಭುಜಕ್ಕೆ ತಾಗಿ ಬಿದ್ದರು. ಮೂಳೆ ಮುರಿದಿಲ್ಲ. ಬಾಗಿಲಿಗೆ ಬೀಗ ಹಾಕಿದರೆ ತಲೆಯನ್ನು ಬಾಗಿಲಿಗೆ ಚಚ್ಚಿಕೊಳ್ಳುತ್ತಾರೆ.

ಎಂಜಿನ್ನಿನ ಒಂದು ಭಾಗವನ್ನೇ ಬಿಚ್ಚಿಸಿ ಇಟ್ಟು, ಅವರ ಪಾಡಿಗೆ ಕಾರಲ್ಲಿ ಕೂರಿಸಿಬಿಡಬೇಕಿತ್ತು. ದಿನವಿಡೀ ಸ್ಟೀರಿಂಗ್ ಹಿಡಿದು ಕೂತಿರುತ್ತಿದ್ದರು. ನನಗೆ ಯಾಕೆ ಹೊಳೆಯಲಿಲ್ಲ? ಕೆಲಸಕ್ಕೆ ಹೇಗೋ ಹೋಗುತ್ತಿದ್ದೆ.

ನಿನ್ನೆ ನಿಮ್ಮ ಟೇಪು ಕಿತ್ತೆ. ಗಟ್ಟಿ ಅಂಟಿತ್ತು, ಉಗುರು ಮುರಿಯಿತು. ಅಪ್ಪನ ಕೈ ಹಿಡಿದು ಕರೆತಂದು, "ನೋಡಿ ಅಪ್ಪ, ದೊಡ್ಡಪ್ಪ ಇಲ್ಲೊಂದು ಗುರುತು ಬಿಟ್ಟಿದ್ದಾರೆ, ಇದು ನಿಮ್ಮ ಕಾರೇ" ಅಂದೆ. ಅಪ್ಪ ಮಂಡಿಯೂರಿ ನೋಡಿದರು. ಬೆಳ್ಳಿ ಇದ್ದ ಕಡೆ ಬೆರಳಿಟ್ಟರು. ಗುರುತು ಹಿಡಿದರು ದೊಡ್ಡಪ್ಪ, ನಿಜವಾಗಿ ಹಿಡಿದರು. "ಇದು ನನ್ನ ಕಾರಿಂದೇ" ಅಂದರು. ಆಮೇಲೆ, "ಕದ್ದವರು ಬಿಚ್ಚಿ ತುಂಡು ತುಂಡು ಮಾಡಿ ಮಾರಿದ್ದಾರೆ. ಒಂದು ತುಂಡನ್ನ ಇದಕ್ಕೆ ಹಾಕಿದ್ದಾರೆ ನೋಡು" ಅಂದರು. ಕಾರು ಕಾಣೆಯಾಗಿದೆ ಅಂತ ಇಷ್ಟು ದಿನ ಹುಡುಕಿದವರು ಅತ್ತಿರಲಿಲ್ಲ. ಬಿಚ್ಚಿಬಿಟ್ಟಿದ್ದಾರೆ ಅಂತ ರಸ್ತೆಯಲ್ಲೇ ಕೂತು ಅತ್ತರು. ಇವತ್ತು ಅತ್ತದ್ದು ಮರೆತಿದೆ, ಹುಡುಕುವುದು ಮರೆತಿಲ್ಲ.

ಉಜ್ಜಿದ ಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ ಅಂತ ನೀವು ಮೊದಲೇ ಬರೆದಿದ್ದಿರಿ. ಆದರೂ ಕೇಳುತ್ತೇನೆ. ಮತ್ತೆ ಬೆಳ್ಳಿ ಮಾಡಲು ಆಗುತ್ತದಾ?

ಗಿರಗಿಟ್ಲೆ


ಏಪ್ರಿಲ್ 25

ಮಗಳೇ,

ಆಗುವುದಿಲ್ಲ.

ಬರೀ ಬಾಯಿಮಾತಿಗೆ ಹೇಳುತ್ತಿಲ್ಲ. ಹೀಗೇ ಕಪ್ಪು ಮಾಡಿದ್ದ ಒಂದು ಹಳೆಯ ಗೂಡು ಹಿಡಿದು ಎರಡು ದಿನ ಕೂತೆ. ಹತ್ತಿಗೆ ಥಿನ್ನರ್ ಹಾಕಿ ಒರೆಸಿದರೆ ಕಪ್ಪು ಬರುತ್ತದೆ, ಅದರ ಕೆಳಗೆ ಬೆಳ್ಳಿ ಇಲ್ಲ, ಮಣ್ಣಿನ ಬಣ್ಣದ ಪ್ಲಾಸ್ಟಿಕ್ಕು. ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದೆ. ಬೂದಿ ಬಳಿದ ಹಾಗಾಯಿತು, ಮುಖ ಕಾಣುವುದಿಲ್ಲ. ಅದನ್ನು ತೋರಿಸಿದರೆ ಅವನು ಮೋಸ ಹೋಗುವವನಲ್ಲ. ಲೇಪ ಹಾಕುವ ಕಾರ್ಖಾನೆಗೆ ಹೋಗಿ ಕೇಳಿದೆ. ಸಾವಿರದ ಲೆಕ್ಕದಲ್ಲಿ ಮಾಡುತ್ತೇವೆ, ಎರಡಕ್ಕೆ ಯಂತ್ರ ಹಾಕುವುದಿಲ್ಲ ಅಂದರು. ಮೂರು ಗುಜರಿ ಸುತ್ತಿದೆ. ಆ ಮಾದರಿಯ ಕಾರು ಈಗ ಗುಜರಿಯಲ್ಲೂ ಇಲ್ಲ.

ಕೆಟ್ಟ ಲೈಟು ಸರಿ ಮಾಡುವುದನ್ನು ನನಗೆ ಯಾರೂ ಕಲಿಸಲಿಲ್ಲ. ಒಡೆದು, ಕೈ ಸುಟ್ಟುಕೊಂಡು ಕಲಿತೆ. ಬಿಚ್ಚಿದ್ದನ್ನು ಕೂಡಿಸಲಾರದೆ ಬಿಟ್ಟದ್ದು ಇಲ್ಲ ಅಂತ ಒಂದು ಜಂಭ ಇತ್ತು.

ಶನಿವಾರ ಬಸ್ಸು ಹತ್ತುತ್ತೇನೆ. ಬಂದು ಏನು ಮಾಡುತ್ತೇನೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ.

ದೊಡ್ಡಪ್ಪ


ಮೇ 9

ಗಿರಗಿಟ್ಲೆಗೆ,

ಸುಖವಾಗಿ ಊರು ಸೇರಿದೆ. ಬಸ್ಸಿನಲ್ಲಿ ಸೊಂಟ ಹಿಡಿದದ್ದು ಬಿಟ್ಟರೆ ಏನೂ ಆಗಿಲ್ಲ. ನಿಮ್ಮಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಪಕ್ಕದ ಸೀಟಿನವರ ಜೊತೆ ಹಂಚಿಕೊಂಡೆ.

ಅಲ್ಲಿದ್ದಾಗ ನಿನಗೆ ಒಂದು ವಿಷಯ ಹೇಳಲಿಲ್ಲ. ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ದಿನ ನಿಮ್ಮಪ್ಪ ನನ್ನನ್ನು ನೋಡಿ, "ಯಾರೋ ಬಂದಿದ್ದಾರೆ, ಊಟಕ್ಕೆ ಹಾಕು" ಅಂದದ್ದು ನೀನೂ ಕೇಳಿದ್ದೀ. ಭಾನುವಾರ ನೀನೂ ನಿಮ್ಮಮ್ಮನೂ ಅಂಗಡಿಗೆ ನಡೆದು ಹೋದಿರಲ್ಲ, ಆಗ ನಾವಿಬ್ಬರೂ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಕಾರು ಹತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಅವನು ಎರಡು ಸಲ ಎದ್ದ, ಎರಡು ಸಲವೂ ತೋಳು ಹಿಡಿದು ಕೂರಿಸಿದೆ. ಅವನ ತೋಳು ಇಷ್ಟು ಸಣ್ಣಗಾಗಿದೆ ಅಂತ ನೀನು ಯಾಕೆ ಬರೆಯಲಿಲ್ಲ?

ಆಮೇಲೆ ಕೇಳಿದ, "ನೀವು ಏನು ಕೆಲಸ ಮಾಡೋದು?"

"ಕಾರಿನ ಲೈಟು ರಿಪೇರಿ ಮಾಡ್ತೀನಿ."

ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಮುಖದಲ್ಲಿ ಒಂದು ಕಳೆ ಬಂತು. "ಹಂಗಾದ್ರೆ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತೆ. ಬರ್ಕೊಳ್ಳಿ" ಅಂದ. ಜೇಬಿನಲ್ಲಿದ್ದ ಬಸ್ಸಿನ ಟಿಕೀಟಿನ ಹಿಂದೆ ಬರೆದುಕೊಂಡೆ.

"ಬಿಳಿ ಕಾರು. ಎಡಗಡೆ ಹಿಂದಿನ ಬಾಗಿಲಿಗೆ ಉದ್ದಕ್ಕೆ ಒಂದು ಗೀರು. ಡ್ರೈವರ್ ಸೀಟಿನ ಬೆನ್ನಿಗೆ ನನ್ನ ಮಗಳು ಪೆನ್ನಲ್ಲಿ ಬೆಕ್ಕು ಬರೆದಿದ್ದಾಳೆ. ಅಳಿಸಬಾರ್ದು ಅಂತ ಕವರು ಹಾಕ್ಸಿಲ್ಲ. ಲೈಟು ಬೆಳ್ಳಿ."

ಬರೆದೆ. ಏನಾದರೂ ಮಾತಾಡಬೇಕಲ್ಲ ಅಂತ, "ಸಿಕ್ಕಿದ್ರೆ ಇದೇ ಅಂತ ಗುರುತು ಹಿಡಿಯೋರು ಯಾರಿದ್ದಾರೆ?" ಅಂತ ಕೇಳಿದೆ.

"ಇದ್ದಾನಲ್ಲ ನಮ್ಮಣ್ಣ" ಅಂದ. "ಆ ಲೈಟು ಮಾಡಿದ್ದೇ ಅವನು. ಬೇರೆ ಯಾರಿಗೂ ಗೊತ್ತಾಗಲ್ಲ, ಅವನು ಕಣ್ಣು ಮುಚ್ಚಿ ಮುಟ್ಟಿದ್ರೆ ಸಾಕು. ಈ ಚೀಟಿ ಅವನಿಗೆ ತಲುಪ್ಸಿ. ಅವನ ಕೈಗೆ ಹೋದ್ರೆ ನನಗೆ ಯೋಚನೆ ಇಲ್ಲ."

ಚೀಟಿಯನ್ನು ತಾನೇ ನಾಲ್ಕಾಗಿ ಮಡಿಸಿ ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮುಚ್ಚಿದ.

ನಾನೇ ಕಣೋ ನಿಮ್ಮಣ್ಣ ಅನ್ನಬೇಕಿತ್ತು. ತುಟಿಯ ತನಕ ಬಂತು. ಹಾಗೆ ಅಂದಿದ್ದರೆ ನನ್ನ ಕಾರು ಎಲ್ಲಿ ಅಂತ ಕೇಳುತ್ತಿದ್ದ. ಅದು ಎದುರಿಗೇ ನಿಂತಿತ್ತು. "ತಲುಪಿಸ್ತೀನಿ" ಅಂದೆ.

ಆ ಮಧ್ಯಾಹ್ನ ಅವನು ರಸ್ತೆಗೆ ಹೋಗದೆ ಮಲಗಿದ್ದನ್ನು ನೋಡಿ, ದೊಡ್ಡಪ್ಪ ಏನೋ ಮಾಡಿದರು ಅಂತ ನಿಮ್ಮಮ್ಮನ ಹತ್ತಿರ ಹೇಳುತ್ತಿದ್ದೆ. ನಾನು ಏನೂ ಮಾಡಿಲ್ಲ ಮಗಳೇ. ನಾಳೆ ಮತ್ತೆ ಎದ್ದು ಹೋಗುತ್ತಾನೆ, ನೀನು ಮತ್ತೆ ಹಿಂದೆ ಓಡಬೇಕು. ಇದಕ್ಕಿಂತ ಹೆಚ್ಚಿನದು ನನ್ನ ಹತ್ತಿರ ಇಲ್ಲ.

ಅವನು ಎದ್ದು ಗೇಟಿನ ಕಡೆ ಹೊರಟಾಗ, ಚೀಟಿ ಅಣ್ಣನ ಕೈ ಸೇರಿದೆ ಅಂತ ಹೇಳು. ಹುಡುಕುತ್ತಿದ್ದಾನೆ ಅನ್ನು.

ದೊಡ್ಡಪ್ಪ